ಮುಂದೆ ಹೋದ ಗಂಟು

"ಅಜ್ಜಾರೇ, ನಮ್ಮ ಸೀಮೆಯಲ್ಲಿ ಪ್ರಯಾಣಕ್ಕೆ ಒಳ್ಳೆಯ ಕಾಲ ಯಾವುದು?"

ಕೇಳಿದವನು ಅಡಿವೆಪ್ಪ. ಮಠ ಸೇರಿ ಆರು ವರ್ಷವಾಗಿದ್ದ ಶಿಷ್ಯ. ಮಠದ ಗುರುಗಳನ್ನು ಅಲ್ಲಿ ಎಲ್ಲರೂ ಅಜ್ಜ ಎಂದೇ ಕರೆಯುತ್ತಿದ್ದರು. ಅಜ್ಜ ಆಗ ದಾಸೋಹದ ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತದೆ, ಎಲ್ಲಿಗೆ ಪ್ರಯಾಣ ಎಂದು ಕೇಳಿದರು.

ಎಲ್ಲಿಗೂ ಅಂತಲ್ಲ, ಸುಮ್ಮನೆ ತಿಳಿದಿರಲಿ ಎಂದು ಕೇಳಿದೆ, ಅಂದ ಅಡಿವೆಪ್ಪ. ಅಜ್ಜ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟರು. ಇನ್ನೊಂದು ತೆಗೆದರು. ಮೂರನೆಯ ಕಲ್ಲಿಗೆ ಅಡಿವೆಪ್ಪ ನಿಜ ಹೇಳಿದ.

ಅವನಿಗೆ ಒಬ್ಬಳು ಅಕ್ಕ ಇದ್ದಳು, ಶಾವಂತ್ರೆವ್ವ. ತಾಯಿ ಇಲ್ಲದ ಅವನನ್ನು ಸಾಕಿದವಳು ಅವಳೇ. ಅವನು ಮಠಕ್ಕೆ ಹೊರಟ ದಿನ ಊರ ಅಗಸಿ ಬಾಗಿಲ ತನಕ ಬಂದಿದ್ದಳು. ಮಳೆ ನಿಂತ ಮೇಲೆ ಬಂದು ನೋಡಿಕೊಂಡು ಹೋಗುತ್ತೇನೆ ಎಂದು ಅವನು ಹೇಳಿದ್ದ. ಯಾವ ವರ್ಷದ ಮಳೆ ಎಂದು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಆ ಊರು ನಾಲ್ಕು ದಿನದ ದಾರಿ. ವರ್ಷಕ್ಕೊಮ್ಮೆ ನಾಗರ ಪಂಚಮಿಯ ಹೊತ್ತಿಗೆ, ಈ ಕಡೆ ಬರುವವರು ಯಾರಾದರೂ ಸಿಕ್ಕರೆ ಅವರ ಬಾಯಲ್ಲಿ ಹೇಳಿಕಳಿಸುತ್ತಿದ್ದಳು, ತಮ್ಮ ಯಾವಾಗ ಬರುತ್ತಾನೆ ಕೇಳಿ ಬನ್ನಿ ಎಂದು. ಐದು ವರ್ಷ ಹೇಳಿಕಳಿಸಿದಳು. ಈ ವರ್ಷ ಪಂಚಮಿ ಕಳೆದು ತಿಂಗಳಾಯಿತು. ಯಾರೂ ಬಂದು ಕೇಳಲಿಲ್ಲ.

ಹೇಳಿಕಳಿಸಿಲ್ಲ ಅಂದರೆ ಅವಸರವೇನೂ ಇಲ್ಲ ಅಂತ ತಾನೇ, ಎಂದ ಅಡಿವೆಪ್ಪ. ಹೋಗುವ ಮನಸ್ಸಂತೂ ಇದೆ. ಆದರೆ ಬೇಸಿಗೆಯಲ್ಲಿ ಹೊರಟರೆ ದಾರಿಯಲ್ಲಿ ಕುಡಿಯಲು ನೀರು ಸಿಗುವುದಿಲ್ಲ. ಮಳೆಗಾಲದಲ್ಲಿ ದಾರಿಯೇ ಸಿಗುವುದಿಲ್ಲ. ಚಳಿಗಾಲದಲ್ಲಿ ಜಾತ್ರೆ, ಪುರಾಣ, ದಾಸೋಹ ಅಂತ ಮಠವೇ ಬಿಡುವುದಿಲ್ಲ. ಇದೇ ಒಳ್ಳೆಯ ಕಾಲ ಎಂದು ನೀವು ಒಂದು ಮಾತು ಹೇಳಿದರೆ ಹೊರಟೇಬಿಡುತ್ತೇನೆ.

ಅಜ್ಜ ಮೊರವನ್ನು ಕೆಳಗಿಟ್ಟರು. ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಬೆಲ್ಲದ ವ್ಯಾಪಾರ ಅವನದು. ಬೆಲ್ಲ ಬಿಸಿಲಿಗೆ ಕರಗುತ್ತದೆ, ಮಳೆಗೆ ನೀರಾಗುತ್ತದೆ, ಮಂಜು ಬಿದ್ದರೆ ಬೆವರುತ್ತದೆ. ಅಂಥ ಸರಕನ್ನು ಗಾಡಿಗೆ ಹೇರಿಕೊಂಡು ಅವನು ಮೂವತ್ತು ವರ್ಷ ಊರೂರು ತಿರುಗಿದ್ದ. ಒಂದು ಅಚ್ಚು ಬೆಲ್ಲವೂ ಕೆಟ್ಟಿರಲಿಲ್ಲ. ಹೊರಡುವ ದಿನ ಆರಿಸುವುದರಲ್ಲಿ ಅವನಷ್ಟು ಜಾಣ ಆ ಸೀಮೆಯಲ್ಲಿ ಇನ್ನೊಬ್ಬ ಇರಲಿಲ್ಲ. ದಿಬ್ಬಣ ಹೊರಡಿಸುವವರು ಮೊದಲು ಜೋಯಿಸರನ್ನು ಕೇಳಿ, ಆಮೇಲೆ ಅವನನ್ನು ಕೇಳುತ್ತಿದ್ದರು. ಇಬ್ಬರ ಮಾತು ಬೇರೆಯಾದರೆ ಅವನ ಮಾತೇ ನಡೆಯುತ್ತಿತ್ತು. ಜೋಯಿಸರು ಇದನ್ನು ಕಂಡುಕೊಂಡು, ಮೊದಲು ಅವನ ಜಗಲಿಗೆ ಬಂದು ಮಾತಾಡಿಸಿ, ಆಮೇಲೆ ಮನೆಗೆ ಹೋಗಿ ಪಂಚಾಂಗ ಬಿಚ್ಚುತ್ತಿದ್ದರು.

ಅವನಿಗೆ ಒಬ್ಬ ಮಗಳು. ಅವಳನ್ನು ಉತ್ತರದ ಕಡೆ ಐದು ದಿನದ ದಾರಿಯ ಊರಿಗೆ ಕೊಟ್ಟಿದ್ದ. ನಡುವೆ ಎರಡು ದಿನದ ಕರಿಮಣ್ಣಿನ ಎರೆ ಭೂಮಿ, ಒಂದು ಹೊಳೆ, ಹೊಳೆಯಾಚೆ ಒಂದು ಗುಡ್ಡ.

ಆ ಕಡೆ ಒಂದು ಪದ್ಧತಿ. ಮದುವೆಯಾದ ಹೆಣ್ಣು ತಾನಾಗಿ ತವರಿಗೆ ಹೋಗುವ ಹಾಗಿಲ್ಲ. ತವರಿನ ಗಂಡಸು ಯಾರಾದರೂ ಬಂದು, ಅವಳ ಗಂಡನ ಮನೆಯ ಹೊಸ್ತಿಲಲ್ಲಿ ನಿಂತು, ಮಗಳನ್ನು ಕರೆಯಲು ಬಂದಿದ್ದೇನೆ ಎಂದು ಹೇಳಬೇಕು. ಆಗ ಕಳಿಸುತ್ತಾರೆ. ಯಾರೂ ಬರದಿದ್ದರೆ ಕಳಿಸುವುದಿಲ್ಲ. ಆ ಮಗಳಿಗೆ ಅಣ್ಣತಮ್ಮಂದಿರು ಇರಲಿಲ್ಲ. ಬಂದರೆ ಅಪ್ಪನೇ ಬರಬೇಕು.

ಮೊದಲ ಪಂಚಮಿಗೆ ಬಂದು ಕರೆದೊಯ್ಯುತ್ತೇನೆ ಎಂದು ಅಪ್ಪ ಹೇಳಿ ಕಳಿಸಿದ್ದ. ಪಂಚಮಿ ಬರುವುದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ಎರೆ ಮಣ್ಣು ಕಾಲು ಹಿಡಿದರೆ ಬಿಡುವುದಿಲ್ಲ, ಗಾಡಿಯ ಗಾಲಿ ಹಿಡಿದರೆ ಎತ್ತೇ ಕೂತುಬಿಡುತ್ತದೆ. ಹೊಳೆಯೂ ತುಂಬಿರುತ್ತದೆ. ಆದ್ದರಿಂದ ದೀಪಾವಳಿಗೆ ಎಂದ. ದೀಪಾವಳಿ ಕಳೆಯುತ್ತಲೇ ಆಲೆಮನೆಗಳಲ್ಲಿ ಹೊಸ ಬೆಲ್ಲ ಇಳಿಯುತ್ತದೆ. ಆಗ ಊರು ಬಿಟ್ಟರೆ ವರ್ಷದ ವ್ಯಾಪಾರ ಬಿಟ್ಟ ಹಾಗೆ. ಯುಗಾದಿಗೆ ಎಂದ. ಯುಗಾದಿಯ ಹೊತ್ತಿಗೆ ಎರೆ ಭೂಮಿಯ ಬಾವಿಗಳೆಲ್ಲ ಬತ್ತಿರುತ್ತವೆ, ಎರಡು ದಿನ ನಡೆದರೂ ಮರದ ನೆರಳಿಲ್ಲ. ಗಂಡಸಾದವನು ಹೇಗೋ ಹೋದಾನು, ಬರುವಾಗ ಮಗಳನ್ನು ಆ ಬಿಸಿಲಿನಲ್ಲಿ ನಡೆಸುವುದೇ?

ಅವನ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ತೊಂದರೆ ಅದೇ ಆಗಿತ್ತು. ಸುಳ್ಳು ಹೇಳಿದ್ದರೆ ಹೆಂಡತಿ ಅವತ್ತೇ ಹಿಡಿದುಬಿಡುತ್ತಿದ್ದಳು.

ಹೆಂಡತಿ ಸುಮ್ಮನಿರುವವಳಲ್ಲ. ಬೆಲ್ಲಕ್ಕಾದರೆ ನಿಮಗೆ ಒಳ್ಳೆಯ ದಿನ ಸಿಗುತ್ತದೆ, ಮಗಳಿಗೆ ಮಾತ್ರ ಸಿಗುವುದಿಲ್ಲ ಎಂದು ಚುಚ್ಚಿದಳು. ಬೆಲ್ಲಕ್ಕೆ ಬಾಯಿಲ್ಲ, ತೊಂದರೆಯಾದರೆ ಹೇಳಿಕೊಳ್ಳುವುದಿಲ್ಲ, ಅದಕ್ಕೇ ನಾವೇ ನೋಡಿ ಹೊರಡಬೇಕು ಎಂದ ಅವನು. ನಿಮ್ಮ ಮಗಳೂ ಹೇಳಿಕೊಳ್ಳುವವಳಲ್ಲ ಎಂದಳು ಅವಳು. ಆ ದಿನ ಅವನಿಗೆ ಊಟ ಸೇರಲಿಲ್ಲ.

ಮಾರನೆಯ ದಿನ ಜೋಯಿಸರ ಮನೆಗೆ ತಾನೇ ಹೋದ. ಉತ್ತರಕ್ಕೆ ಹೊರಡಲು ಗಳಿಗೆ ನೋಡಿರಿ ಎಂದ. ಇವನೇ ಬಂದು ಕೇಳಿದ್ದು ಅದು ಮೊದಲು. ಜೋಯಿಸರು ಪಂಚಾಂಗ ಬಿಚ್ಚಿದರು. ಎರಡು ಸಲ ಎಣಿಸಿ, ಬರುವ ಗುರುವಾರ ಬೆಳಗ್ಗೆ ಬಹಳ ಒಳ್ಳೆಯ ಗಳಿಗೆ ಇದೆ, ಅದು ಬಿಟ್ಟರೆ ಇಷ್ಟು ಒಳ್ಳೆಯದು ಈ ವರ್ಷ ಇಲ್ಲ ಎಂದರು. ಗುರುವಾರ ಬಂತು. ಗಳಿಗೆ ಒಳ್ಳೆಯದೇ. ಆದರೆ ಕಾಲ ಶ್ರಾವಣ. ಮೋಡ ತಲೆಯ ಮೇಲೇ ಇತ್ತು.

ಇಂಥ ಹೊತ್ತಿಗೆಂದೇ ಹಿರಿಯರು ಒಂದು ದಾರಿ ಮಾಡಿಟ್ಟಿದ್ದಾರೆ. ಗಳಿಗೆ ಇವತ್ತೇ ಇದೆ, ಹೊರಡುವವನಿಗೆ ಇವತ್ತು ಆಗುವುದಿಲ್ಲ. ಆಗ ಅವನು ತನ್ನ ಬಟ್ಟೆಯ ಗಂಟೊಂದನ್ನು ಆ ಗಳಿಗೆಯಲ್ಲಿ ಒಯ್ದು, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬರುತ್ತಾನೆ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗಂಟು ಹೊರಟರೆ ಮನುಷ್ಯನೂ ಹೊರಟ ಹಾಗೆ. ಆದರೆ ಏಳು ದಿನದೊಳಗೆ ಅವನು ಹೋಗಿ ಆ ಗಂಟನ್ನು ಎತ್ತಿಕೊಂಡು ಮುಂದೆ ನಡೆಯಬೇಕು. ಗಂಟನ್ನು ಮನೆಗೆ ವಾಪಸು ತಂದರೆ, ಯಾರನ್ನು ನೋಡಲು ಹೊರಟಿದ್ದನೋ ಅವರಿಗೆ ಕೇಡು.

ವ್ಯಾಪಾರಿ ಒಂದು ಧೋತರ, ಒಂದು ಅಂಗಿ, ತನ್ನ ರುಮಾಲು, ಇಷ್ಟನ್ನು ಗಂಟು ಕಟ್ಟಿದ. ಗುರುವಾರ ಬೆಳಗ್ಗೆ ಬೀದಿಯ ಉತ್ತರದ ಮನೆಯಲ್ಲಿ ಇಟ್ಟು ಬಂದ. ಹೆಂಡತಿ ಸಂತೋಷಪಟ್ಟು ಅವತ್ತು ಹೋಳಿಗೆ ಮಾಡಿದಳು.

ಆರು ದಿನ ಮಳೆ ಬಿಡಲಿಲ್ಲ. ಏಳನೆಯ ದಿನ ಆ ಮನೆಯಾಕೆ ಬಂದು, ಸಾವುಕಾರರೇ, ಗಂಟು ಎತ್ತುವುದು ಇವತ್ತೇ ಅಲ್ಲವೇ ಎಂದು ನೆನಪಿಸಿದಳು. ವ್ಯಾಪಾರಿ ಆಕಾಶ ನೋಡಿದ. ಹೊರಡುವ ಹಾಗಿಲ್ಲ. ಗಂಟನ್ನು ವಾಪಸು ತರುವ ಹಾಗೂ ಇಲ್ಲ, ತಂದರೆ ಮಗಳಿಗೆ ಕೇಡು. ಅವನಿಗೊಂದು ಉಪಾಯ ಹೊಳೆಯಿತು. ಜೋಯಿಸರನ್ನು ಕೇಳಿದ. ಗಂಟನ್ನು ಇನ್ನೂ ಉತ್ತರದ ಒಂದು ಮನೆಗೆ ಸಾಗಿಸಿದರೆ ಪ್ರಯಾಣ ಮುಂದೆ ಹೋದ ಹಾಗೋ, ಹಿಂದೆ ಬಂದ ಹಾಗೋ? ಜೋಯಿಸರು ಯೋಚಿಸಿದರು. ಮುಂದೆ ಹೋದ ಹಾಗೆ ಎಂದರು. ಹಾಗಾದರೆ ಅಲ್ಲಿಂದ ಮತ್ತೆ ಏಳು ದಿನ ಸಿಗುತ್ತದಲ್ಲವೇ? ಜೋಯಿಸರು ಇನ್ನೂ ಸ್ವಲ್ಪ ಹೊತ್ತು ಯೋಚಿಸಿ, ಬೇಡ ಎಂದು ಎಲ್ಲೂ ಬರೆದಿಲ್ಲ ಎಂದರು.

ಗಂಟು ಬೀದಿಯ ಕೊನೆಯ ಮನೆಗೆ ಹೋಯಿತು. ಅಲ್ಲಿಂದ ಊರ ಹೊರಗಿನ ಗಾಣದ ಮನೆಗೆ. ಅಲ್ಲಿಂದ ಮುಂದಿನ ಊರಿನ ಗಿರಾಕಿಯೊಬ್ಬನ ಮನೆಗೆ. ಅಷ್ಟು ಹೊತ್ತಿಗೆ ವ್ಯಾಪಾರಿ ಜೊತೆಗೆ ಹೋಗುವುದನ್ನೂ ಬಿಟ್ಟಿದ್ದ. ಆ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ. ಏಳು ದಿನ ಇಟ್ಟುಕೊಳ್ಳಿ, ನಾನು ಬರದಿದ್ದರೆ ಉತ್ತರಕ್ಕೆ ಹೋಗುವವರಿಗೆ ಕೊಡಿ, ಮಗಳ ಊರಿನ ಹೆಸರು ಇಂಥದ್ದು, ಅವಳ ಮನೆ ಇಂಥದ್ದು, ನಾನು ಹಿಂದೆಯೇ ಇದ್ದೇನೆ ಎಂದು ಹೇಳಿಕಳಿಸಿದ. ಗಂಟು ಕೈಯಿಂದ ಕೈಗೆ ಹೋಯಿತು. ಮಾತೂ ಬಾಯಿಂದ ಬಾಯಿಗೆ ಹೋಯಿತು. ಆದರೆ ಮಾತು ಗಂಟಿನಷ್ಟು ಗಟ್ಟಿಯಲ್ಲ. ನಾಲ್ಕನೆಯ ಊರಿನಲ್ಲಿ ನಾನು ಬರದಿದ್ದರೆ ಎಂಬುದು ಉದುರಿತು. ಆರನೆಯ ಊರಿನಲ್ಲಿ ಏಳು ದಿನ ಎಂಬುದೂ ಉದುರಿತು. ಕೊನೆಗೆ ಉಳಿದದ್ದು ಮಗಳ ಊರು ಮತ್ತು ಮನೆ ಅಷ್ಟೇ.

ಪ್ರಸ್ಥಾನದ ಗಂಟನ್ನು ಯಾರೂ ಬೇಡ ಎನ್ನುವುದಿಲ್ಲ. ಹೋದಲ್ಲೆಲ್ಲ ಅದನ್ನು ಮಣೆಯ ಮೇಲೆ ಇಟ್ಟರು. ಒಂದು ಮನೆಯಲ್ಲಿ ದೀಪ ಹಚ್ಚಿಟ್ಟರು. ಇನ್ನೊಂದು ಮನೆಯಲ್ಲಿ ಕೋಳಿ ಅದರ ಮೇಲೆ ಕೂತು ಮೊಟ್ಟೆಯಿಟ್ಟಿತು. ಆ ಮನೆಯವರು ಇದು ಶುಭ ಎಂದು ಗಂಟನ್ನು ಕದಲಿಸಲೇ ಇಲ್ಲ, ಮೊಟ್ಟೆ ಒಡೆದು ಮರಿ ಹೊರಬಂದ ಮೇಲೆ ಝಾಡಿಸಿ ಮುಂದೆ ಕಳಿಸಿದರು. ಚಳಿಗಾಲದಲ್ಲಿ ಅದು ಕುಂಬಾರನೊಬ್ಬನ ಗಾಡಿಯಲ್ಲಿ ಮಡಕೆಗಳ ನಡುವೆ ಹೋಯಿತು. ಬೇಸಿಗೆಯಲ್ಲಿ ಕುರಿಯವನೊಬ್ಬ ಅದನ್ನು ತಲೆಯ ಮೇಲಿಟ್ಟುಕೊಂಡು ಎರೆ ಭೂಮಿ ದಾಟಿದ, ಬಿಸಿಲಿಗೆ ತಂಪಾಯಿತು ಎಂದ. ಮುಂಗಾರು ಬೀಳುವ ಹೊತ್ತಿಗೆ ಹರಿಗೋಲಿನಲ್ಲಿ ಕೂತು ಹೊಳೆ ದಾಟಿತು. ಮೂರು ಕಾಲವನ್ನೂ ಕಂಡಿತು. ಎಲ್ಲೂ ಕೆಡಲಿಲ್ಲ.

ಇತ್ತ ವ್ಯಾಪಾರಿ ನೆಮ್ಮದಿಯಾಗಿದ್ದ. ಮಗಳನ್ನು ಕರೆಯಲು ಹೋಗಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಪ್ರಸ್ಥಾನ ಇಟ್ಟಾಗಿದೆ ಎನ್ನುತ್ತಿದ್ದ. ಹೇಳಿ ಹೇಳಿ ಅವನಿಗೇ ತಾನು ದಾರಿಯಲ್ಲಿದ್ದೇನೆ ಅನ್ನಿಸುತ್ತಿತ್ತು. ಕೆಲವು ಸಲ ಸಂಜೆ ಜಗಲಿಯಲ್ಲಿ ಕೂತವನು, ಇಷ್ಟು ಹೊತ್ತಿಗೆ ಎರೆ ದಾಟಿರಬೇಕು ಎನ್ನುತ್ತಿದ್ದ. ನಿಮ್ಮ ಧೋತರಕ್ಕೆ ಇರುವಷ್ಟು ಕಾಲು ನಿಮಗೆ ಇಲ್ಲವಲ್ಲ ಎನ್ನುತ್ತಿದ್ದಳು ಹೆಂಡತಿ. ಮೊದಮೊದಲು ನಕ್ಕು ಹೇಳುತ್ತಿದ್ದಳು. ಆಮೇಲೆ ನಗು ಬಿಟ್ಟು ಹೇಳಿದಳು. ಆಮೇಲೆ ಹೇಳುವುದನ್ನೂ ಬಿಟ್ಟಳು.

ಗುಡ್ಡದ ಕಡೆಯಿಂದ ಬಂದ ಬಳೆಗಾರನೊಬ್ಬ ಗಂಟನ್ನು ಮಗಳ ಮನೆಗೆ ಮುಟ್ಟಿಸಿದ. ಮಗಳು ಬಿಚ್ಚಿ ನೋಡಿದಳು. ಅಪ್ಪನ ರುಮಾಲು. ಅದರ ಅಂಚು ಹರಿದಿದ್ದಾಗ ಹೊಲಿದವಳು ಅವಳೇ. ಪ್ರಸ್ಥಾನದ ಗಂಟು ಬಂದರೆ ಏಳು ದಿನದಲ್ಲಿ ಮನುಷ್ಯ ಬರಬೇಕು. ಅವಳು ಅತ್ತೆಗೆ ಹೇಳಿದಳು. ಅತ್ತೆ ಬೀಗರ ಊಟಕ್ಕೆಂದು ಕಡಲೆಬೇಳೆ ತರಿಸಿದಳು. ಮಗಳು ತನ್ನ ಸೀರೆಗಳನ್ನು ಮಡಚಿ ಇಟ್ಟಳು. ಯಾರಿಗೂ ಕಾಣದ ಹಾಗೆ ದಿನಕ್ಕೆ ನಾಲ್ಕು ಸಲ ಬಾಗಿಲಿಗೆ ಬಂದು ಹೋದಳು. ಅದು ಎಲ್ಲರಿಗೂ ಕಂಡಿತು.

ಏಳು ದಿನ ಕಳೆಯಿತು. ಹದಿನಾಲ್ಕು ಕಳೆಯಿತು. ಅತ್ತೆ ತನ್ನ ಮಗನನ್ನು ಕರೆದು, ಗಂಟು ಬಂದ ದಾರಿಯಲ್ಲಿ ಹಿಂದೆ ಹೋಗಿ ವಿಚಾರಿಸಿ ಬಾ ಎಂದಳು. ಅವನು ಹೊಳೆಯ ತನಕ ಹೋಗಿ ಬಂದ. ಬಳೆಗಾರ ಗಂಟನ್ನು ಕಂಡಿದ್ದ, ಗುಡ್ಡದ ಊರಿನವರು ಕಂಡಿದ್ದರು, ಹರಿಗೋಲಿನವನು ಕಂಡಿದ್ದ. ಗಂಟಿನವನನ್ನು ಯಾರೂ ಕಂಡಿರಲಿಲ್ಲ. ಹೊಳೆಯಲ್ಲಿ ಹೊಸ ನೀರು ಬಂದಿತ್ತು. ಆ ತಿಂಗಳು ಇಬ್ಬರು ದಾರಿಹೋಕರು ಸೆಳವಿಗೆ ಸಿಕ್ಕಿ ಹೋದರು, ಯಾವ ಊರಿನವರೋ ತಿಳಿಯಲಿಲ್ಲ ಎಂದು ಹರಿಗೋಲಿನವನು ಹೇಳಿದ.

ಮನುಷ್ಯ ಹೊರಡದೆ ಅವನ ಗಂಟೊಂದೇ ಐದು ದಿನದ ದಾರಿ ಬರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಹಾಗೆ ಯಾರೂ ಮಾಡಿರಲಿಲ್ಲ.

ಊರ ಹೊರಗೆ ಒಂದು ಗುಂಡಿ ತೋಡಿದರು. ಧೋತರ, ಅಂಗಿ, ರುಮಾಲು ಅದರಲ್ಲಿಟ್ಟು ಮಣ್ಣು ಮಾಡಿದರು. ಮಗಳು ಅತ್ತಳು. ಎರಡು ವರ್ಷ ಅವಳು ಅಪ್ಪನ ಮೇಲೆ ಸಿಟ್ಟು ಇಟ್ಟುಕೊಂಡಿದ್ದಳು. ಊರಿನ ಸೊಸೆಯಂದಿರೆಲ್ಲ ಪಂಚಮಿಗೆ ತವರಿಗೆ ಹೋದಾಗ ಒಬ್ಬಳೇ ಉಳಿದಿದ್ದಳು. ಅಪ್ಪನಿಗೆ ಬೆಲ್ಲವೇ ಹೆಚ್ಚು ಅಂದುಕೊಂಡಿದ್ದಳು. ಈಗ ನೋಡಿದರೆ ಅಪ್ಪ ಹೊರಟಿದ್ದ. ಮಳೆ ಲೆಕ್ಕಿಸದೆ, ಹೊಳೆ ಲೆಕ್ಕಿಸದೆ, ತನ್ನನ್ನು ಕರೆಯಲು ಬಂದು ಪ್ರಾಣ ಬಿಟ್ಟಿದ್ದ. ಇಂಥ ಅಪ್ಪನನ್ನು ಬೈದುಕೊಂಡೆನಲ್ಲ ಎಂದು ಅತ್ತಳು. ಇದ್ದ ಸಿಟ್ಟನ್ನೆಲ್ಲ ಆ ಮಣ್ಣಿಗೆ ಹಾಕಿದಳು. ಒಂಬತ್ತು ದಿನ ಅತ್ತಳು. ಹತ್ತನೆಯ ದಿನ ಅಳು ಮುಗಿಯಿತು.

ಆಮೇಲೆ ಅವಳಿಗೆ ಅವ್ವನ ನೆನಪಾಯಿತು. ಅವ್ವ ಒಬ್ಬಳೇ ಇದ್ದಾಳೆ. ಅಪ್ಪ ಸತ್ತದ್ದು ಅವಳಿಗೆ ತಿಳಿದಿದೆಯೋ ಇಲ್ಲವೋ. ಆದರೆ ಕರೆಯಲು ಯಾರು ಬರುತ್ತಾರೆ? ಅವಳು ಅತ್ತೆಯ ಎದುರು ಹೋಗಿ ನಿಂತಳು. ಅತ್ತೆಯೇ ಮಾತಾಡಿದಳು.

"ಕರೆಯಲು ಯಾರೂ ಬರದೆ ನಿನ್ನನ್ನು ಕಳಿಸುವುದಿಲ್ಲ ಅಂದವಳು ನಾನೇ. ಇದು ಹಬ್ಬಕ್ಕೆ ಹೋಗುವುದಲ್ಲ, ಇದಕ್ಕೆ ಯಾರ ಕರೆಯೂ ಬೇಡ. ನಡಿ, ನಾನೂ ಬರುತ್ತೇನೆ."

ಇಬ್ಬರೂ ಹೊರಟರು. ಗಳಿಗೆ ಯಾವುದು ಎಂದು ಕೇಳಲಿಲ್ಲ. ಆರಿದ್ರಾ ಮಳೆ ಹಿಡಿದಿತ್ತು. ಗುಡ್ಡದಲ್ಲಿ ಅತ್ತೆ ಎರಡು ಸಲ ಜಾರಿ ಬಿದ್ದಳು. ಹೊಳೆ ತುಂಬಿತ್ತು, ಹರಿಗೋಲಿನವನು ಒಂದು ದಿನ ಕಾಯಿಸಿದ. ಎರೆ ಭೂಮಿಯಲ್ಲಿ ಮಣ್ಣು ಕಾಲಿಗೆ ಹತ್ತಿ ಹತ್ತಿ ಒಂದೊಂದು ಹೆಜ್ಜೆಯೂ ಒಂದೊಂದು ಕಲ್ಲಿನಷ್ಟು ಭಾರವಾಯಿತು. ಹತ್ತು ಹೆಜ್ಜೆಗೊಮ್ಮೆ ನಿಂತು, ಕಡ್ಡಿಯಿಂದ ಮಣ್ಣು ಕೆರೆದು, ಮತ್ತೆ ನಡೆದರು. ಎರಡು ದಿನದ ಎರೆ ನಾಲ್ಕು ದಿನವಾಯಿತು. ವ್ಯಾಪಾರಿ ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಆದರೂ ಇಬ್ಬರು ಹೆಂಗಸರು ಬಂದು ಮುಟ್ಟಿದರು.

ಅವರು ಬಂದಾಗ ತಾಯಿ ಅಂಗಳದಲ್ಲಿದ್ದಳು. ಮಗಳು ಮೊದಲು ನೋಡಿದ್ದು ಅವಳ ಹಣೆಯನ್ನು. ಹಣೆಯಲ್ಲಿ ಕುಂಕುಮವಿತ್ತು. ಕೈ ನೋಡಿದಳು. ಕೈತುಂಬ ಬಳೆಯಿತ್ತು. ಇನ್ನೂ ತಿಳಿದಿಲ್ಲ, ನಾನೇ ಹೇಳಬೇಕು ಎಂದುಕೊಂಡಳು. ಹೇಗೆ ಹೇಳಲಿ ಎಂದು ನಿಂತಾಗ ಜಗಲಿಯ ಕಡೆಯಿಂದ ಮಾತು ಕೇಳಿಸಿತು. ತಿರುಗಿ ನೋಡಿದಳು. ಅಪ್ಪ ಕೂತಿದ್ದ. ಪಕ್ಕದಲ್ಲಿ ಜೋಯಿಸರು ಪಂಚಾಂಗ ಬಿಚ್ಚಿಕೊಂಡು ಕೂತಿದ್ದರು. ದೀಪಾವಳಿ ಆದ ಮೇಲೆ, ಆಲೆಮನೆ ಶುರುವಾಗುವ ಮೊದಲು, ನಡುವೆ ಎಂಟು ದಿನದ ಬಿಡುವಿದೆ, ಅದರಲ್ಲಿ ಒಂದು ದಿನ ನೋಡಿರಿ ಎಂದು ಅಪ್ಪ ಹೇಳುತ್ತಿದ್ದ.

ಮಗಳನ್ನು ಕಂಡು ಅವನು ಎದ್ದು ನಿಂತ. ಮೊಣಕಾಲಿನ ತನಕ ಕೆಸರು ಮೆತ್ತಿದ ಅವಳ ಕಾಲು ನೋಡಿದ.

"ಇಂಥ ಮಳೆಯಲ್ಲಿ ಯಾರಮ್ಮಾ ನಿನಗೆ ಹೊರಡು ಅಂದವರು? ಇನ್ನು ನಾಲ್ಕು ತಿಂಗಳಲ್ಲಿ ನಾನೇ ಬರುತ್ತಿದ್ದೆನಲ್ಲ."

"ನಿನ್ನನ್ನು ಮಣ್ಣು ಮಾಡಿ ಬಂದೆ ಅಪ್ಪಾ. ನಾನು ಮಣ್ಣು ಮಾಡಿದ ಅಪ್ಪ ನನ್ನನ್ನು ಕರೆಯಲು ಹೊರಟಿದ್ದ."

ಜೋಯಿಸರು ಪಂಚಾಂಗ ಮಡಚಿಕೊಂಡು ಎದ್ದು ಹೋದರು. ಅವರು ಮತ್ತೆ ಆ ಜಗಲಿಗೆ ಬರಲಿಲ್ಲ.

ಅಪ್ಪ ಬದುಕಿರುವುದನ್ನು ಕಂಡು ಮಗಳಿಗೆ ಸಂತೋಷವಾಗಲಿಲ್ಲವೇ? ಆಯಿತು. ಆದರೆ ಒಂಬತ್ತು ದಿನ ಯಾವ ಅಪ್ಪನಿಗಾಗಿ ಅತ್ತಿದ್ದಳೋ ಆ ಅಪ್ಪನನ್ನು ಈ ಜಗಲಿಯಲ್ಲಿ ಹುಡುಕಿದಳು. ಅವನು ಇರಲಿಲ್ಲ. ಎರಡು ವರ್ಷದ ಸಿಟ್ಟನ್ನು ಹುಡುಕಿದಳು. ಅದೂ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಜಗಳವಾಡಿ ಸರಿಹೋಗುತ್ತಿದ್ದರು.

ತಾಯಿ ನೀರು ಕಾಯಿಸಿದಳು. ಬೀಗಿತ್ತಿಯ ಕಾಲನ್ನು ತಾನೇ ತೊಳೆದಳು. ಮೂರು ದಿನ ಮಗಳು ತಾಯಿಯ ಹತ್ತಿರ ಇದ್ದಳು. ಅಪ್ಪ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಅಪ್ಪನಿಗೆ ಊಟ ಬಡಿಸಿದಳು. ಒಂದು ಮಾತೂ ಗಟ್ಟಿಯಾಗಿ ಆಡಲಿಲ್ಲ. ನಾಲ್ಕನೆಯ ದಿನ ಅತ್ತೆಯ ಜೊತೆ ಹೊರಟು ನಿಂತಳು. ದಾರಿ ಒಣಗುವ ತನಕ ಇರು, ಆಮೇಲೆ ನಾನೇ ಬಿಟ್ಟು ಬರುತ್ತೇನೆ ಎಂದ ಅಪ್ಪ. ಅಭ್ಯಾಸ, ಬಾಯಿಂದ ಬಂದುಬಿಟ್ಟಿತು.

ನಮ್ಮಲ್ಲಿ ಹೊರಡುವಾಗ ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತೇವೆ. ಸಾವಾದ ಮನೆಯಿಂದ ಹೊರಡುವಾಗ ಮಾತ್ರ ಅದನ್ನು ಹೇಳುವುದಿಲ್ಲ, ಸುಮ್ಮನೆ ಎದ್ದು ಬರುತ್ತೇವೆ. ಮಗಳು ತಾಯಿಯ ಕಾಲು ಮುಟ್ಟಿ, ಹೋಗಿ ಬರುತ್ತೇನೆ ಅವ್ವಾ ಎಂದಳು. ಅಪ್ಪನ ಕಾಲು ಮುಟ್ಟಿದಳು. ಎದ್ದಳು. ಸುಮ್ಮನೆ ನಡೆದಳು.

ವ್ಯಾಪಾರಿ ಕಾದ. ಅಂಗಳದ ತುದಿಯಲ್ಲಿ ತಿರುಗಿ ಹೇಳುತ್ತಾಳೆ ಎಂದು ಕಾದ. ಬೀದಿಯ ತಿರುವಿನಲ್ಲಿ ಹೇಳುತ್ತಾಳೆ ಎಂದು ಕಾದ. ಅವಳು ತಿರುವೂ ದಾಟಿದಳು. ಆಗ ಅವನು ಮಳೆಗೆ ಇಳಿದ. ಕೊಡೆ ತೆಗೆದುಕೊಳ್ಳಲಿಲ್ಲ, ಕಾಲಿಗೆ ಮೆಟ್ಟು ಹಾಕಲಿಲ್ಲ. ಉಟ್ಟ ಬಟ್ಟೆಯಲ್ಲೇ ಹಿಂದೆ ನಡೆದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ತಡೆಯಲಿಲ್ಲ.

ದಾರಿಯುದ್ದಕ್ಕೂ ಇಪ್ಪತ್ತು ಹೆಜ್ಜೆ ಹಿಂದೆ ಇದ್ದ. ಹತ್ತಿರ ಹೋಗಲು ಮುಖವಿರಲಿಲ್ಲ, ದೂರ ಉಳಿಯಲು ಮನಸ್ಸಿರಲಿಲ್ಲ. ಎರೆಯಲ್ಲಿ ಅವನ ಕಾಲು ಹೂತಾಗ ಅತ್ತೆ ನಿಂತು ತಿರುಗಿ ನೋಡಿದಳು. ಮಗಳು ನಿಂತಳು, ತಿರುಗಲಿಲ್ಲ. ಅವನು ಕಾಲು ಕಿತ್ತುಕೊಂಡ ಸದ್ದು ಕೇಳಿದ ಮೇಲೆ ಮುಂದೆ ನಡೆದಳು. ಹೊಳೆಯಲ್ಲಿ ಒಂದೇ ಹರಿಗೋಲಿನಲ್ಲಿ ಮೂವರೂ ಕೂತರು. ಅವಳ ಊರು ಬಂತು. ಊರ ಹೊರಗೆ ಹೊಸ ಮಣ್ಣಿನ ಗುಡ್ಡೆಯೊಂದಿತ್ತು. ಮಳೆಗೆ ಅದರ ಮೇಲೆ ಹುಲ್ಲು ಚಿಗುರಿತ್ತು. ಮಗಳು ಅದರ ಪಕ್ಕದಲ್ಲಿ ಕೈಮುಗಿದು ಹೋದಳು. ಅವನು ಅಲ್ಲಿ ಸ್ವಲ್ಪ ಹೊತ್ತು ನಿಂತ. ಅದು ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹೆಂಗಸರಿಬ್ಬರೂ ಒಳಗೆ ಹೋದರು. ಅವನು ಹೊಸ್ತಿಲ ಹೊರಗೇ ನಿಂತ. ಮೈಯಿಂದ ನೀರು ಇಳಿಯುತ್ತಿತ್ತು. ಒಳಗೆ ಮಗಳು ಒಲೆ ಹಚ್ಚಿ ರೊಟ್ಟಿಗೆ ಹಿಟ್ಟು ನಾದಿದಳು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಅತ್ತೆ ಒಂದು ತಂಬಿಗೆ ನೀರು ತಂದು ಹೊಸ್ತಿಲಲ್ಲಿಟ್ಟು, ಬೀಗರೇ, ಯಾತಕ್ಕೆ ಬಂದಿರಿ ಎಂದು ಕೇಳಿದಳು. ಗೊತ್ತಿಲ್ಲದೆ ಕೇಳಿದ್ದಲ್ಲ. ಪದ್ಧತಿ ಇದ್ದದ್ದು ಹಾಗೆ, ಅವನ ಬಾಯಿಂದಲೇ ಬರಬೇಕಿತ್ತು.

ಮಗಳನ್ನು ಕರೆಯಲು ಬಂದಿದ್ದೇನೆ ಎಂದ ಅವನು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಇಷ್ಟು ಹೇಳಿ ಅಜ್ಜ ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡರು. ಅಡಿವೆಪ್ಪ ಕಾದ. ಅಜ್ಜ ಮತ್ತೊಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. ಕೊನೆಗೆ ಅವನೇ, ಆಮೇಲೆ ಅವಳು ಅಪ್ಪನ ಜೊತೆ ಹೋದಳೇ ಎಂದು ಕೇಳಿದ.

"ಅವಳದು ಇರಲಿ ತಮ್ಮಾ, ನಿನ್ನ ಅಕ್ಕ ನಿನಗಾಗಿ ಅತ್ತು ಮುಗಿಸಿದ್ದಾಳೋ ಇಲ್ಲವೋ, ಅದನ್ನು ಹೇಳು."